ಜಾಂಗಡ್ ಮೇಲೆ ಒಂದು ಕ್ಯಾಮೆರಾ



ಹೋದ ಚಳಿಗಾಲದಲ್ಲಿ ಒಂದು ರಾತ್ರಿ ರಾಣೇಬೆನ್ನೂರಿನಿಂದ ನನ್ನ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮಾ, ಕ್ಯಾಮೆರಾ ತಗೋಬೇಕಂತ ಮಾಡೀನಿ. ಮೂವತ್ತು ಸಾವಿರ ಕೂಡಿಸಿಟ್ಟೀನಿ. ಯಾವ್ದು ತಗೋಲಿ ಹೇಳ್ರಿ." ಅವಳ ಊರಿನ ಪಕ್ಕದಲ್ಲೇ ಕೃಷ್ಣಮೃಗಗಳ ಅಭಯಾರಣ್ಯ ಇದೆ. ಆ ಜಿಂಕೆ ನೆಗೆಯುವ ಹೊತ್ತಿಗೆ ಸರಿಯಾಗಿ ಹಿಡಿಯಬೇಕು ಎನ್ನುವುದು ಅವಳ ಆಸೆ. ಅದಕ್ಕೆ ಉದ್ದನೆಯ ಲೆನ್ಸ್ ಬೇಕೇ ಬೇಕು ಎಂದು ವಾದ. "ತೇಜಸ್ವಿಯವ್ರು ಹಕ್ಕಿ ತಗದಿದ್ದು ಸಣ್ಣ ಲೆನ್ಸಿನಾಗ ಅಲ್ಲಲ್ಲ ಮಾಮಾ" ಎಂದಳು. ಲೇಖಕ ತೇಜಸ್ವಿಯವರಿಗೆ ಮೂಡಿಗೆರೆಯ ತೋಟವೇ ಇತ್ತು, ಹಕ್ಕಿಗಳು ಮನೆ ಬಾಗಿಲಿಗೇ ಬರುತ್ತಿದ್ದವು, ನಿನ್ನ ಬಾಗಿಲಿಗೆ ಬರುವುದು ಹಾಲಿನವನು ಮಾತ್ರ ಅಂದೆ. ನಕ್ಕಳು. ಆದರೆ ಪ್ರಶ್ನೆ ಬಿಡಲಿಲ್ಲ.

ನಾನಿರುವುದು ಸೂರತ್ತಿನ ವರಾಛಾದಲ್ಲಿ. ಬ್ಯಾಂಕಿನ ವರ್ಗಾವಣೆ ತಂದು ಹಾಕಿದ ಜಾಗ. ಬಂದು ಹನ್ನೊಂದು ವರ್ಷವಾಯಿತು, ಈಗ ವರ್ಗಾವಣೆ ಕೇಳುವ ಮನಸ್ಸೂ ಇಲ್ಲ. ಇಲ್ಲಿ ಸುತ್ತಮುತ್ತ ಇರುವವರು ಹೆಚ್ಚಿನಂಶ ಅಮರೇಲಿ, ಭಾವನಗರದ ಕಡೆಯಿಂದ ಬಂದ ಕಾಠಿಯಾವಾಡಿ ಜನ. ಕೆಲಸ ವಜ್ರದ್ದು. ಇವರ ಬಾಯಲ್ಲಿ ಅದು ಹೀರಾ. ಜಗತ್ತಿನಲ್ಲಿ ಸಾಣೆ ಕಾಣುವ ಹತ್ತು ವಜ್ರಗಳಲ್ಲಿ ಒಂಬತ್ತು ಈ ಊರಿನ ಕೈ ದಾಟಿ ಹೋಗುತ್ತವೆ ಎಂಬ ಮಾತಿದೆ. ಘಂಟಿ ಎಂದು ಕರೆಯುವ ಸಾಣೆಯ ಮೇಜಿನ ಸುತ್ತ ನಾಲ್ಕು ಜನ ಕೂತು ಉಜ್ಜುತ್ತಾರೆ. ಬೀದಿಯಲ್ಲಿ ನಡೆದರೆ ಮೇಲಿನ ಮಹಡಿಗಳಿಂದ ಆ ಚಕ್ರದ ಸಣ್ಣ ಗುಂಯ್ ಸದ್ದು ಇಳಿದು ಬರುತ್ತಿರುತ್ತದೆ. ಕ್ಯಾಮೆರಾದ ಬಗ್ಗೆ ಕೇಳುಗರ ಕಿವಿಗೆ ಹೇಳುವ ಈ ವಿಚಿತ್ರ ಕೆಲಸಕ್ಕೆ ಕೂತ ನನಗೆ, ಕೇಳಿಸಬಹುದಾದ ವಸ್ತು ಅದೊಂದೇ.

ಅಕ್ಕನ ಮಗಳಿಗೆ ಉತ್ತರ ಹೇಳಲು ನಾನು ಯಾವ ಕ್ಯಾಮೆರಾ ಅಂಗಡಿಗೂ ಹೋಗಲಿಲ್ಲ. ಇಲ್ಲಿನ ಹೀರಾ ಪೇಟೆ ಮಿನಿ ಬಜಾರ್‌ಗೆ ಹೋದೆ. ಹೆಸರು ಮಿನಿ, ವ್ಯಾಪಾರ ದೊಡ್ಡದು. ದಲಾಲರು ರಸ್ತೆ ಬದಿಯಲ್ಲೇ, ನಿಲ್ಲಿಸಿದ ಸ್ಕೂಟರ್ ಸೀಟಿನ ಮೇಲೆ ಕೂತು, ಜೇಬಿನಿಂದ ಮಡಿಸಿದ ಕಾಗದದ ಪೊಟ್ಟಣ ತೆಗೆಯುತ್ತಾರೆ. ಅದಕ್ಕೆ ಪಡೀಕು ಎಂದು ಹೆಸರು. ಒಬ್ಬ ಹಿರಿಯ ದಲಾಲ ಸಣ್ಣದೊಂದು ಕಲ್ಲನ್ನು ನೋಡಿದ್ದನ್ನು ನಾನು ಪಕ್ಕದಲ್ಲೇ ನಿಂತು ಕಂಡಿದ್ದೇನೆ. ಕಲ್ಲು ತೆಗೆಯುವ ಮೊದಲು ಅವರು ಎದ್ದು ನಿಂತರು, ಬಿಸಿಲಿಗೆ ಬೆನ್ನು ಮಾಡಿದರು, ಎರಡು ಹೆಜ್ಜೆ ಸರಿದು ಗೋಡೆಯ ನೆರಳಿಗೆ ಬಂದರು. ಬಿಳಿಯ ಕಾಗದ ಮಡಿಸಿ ಅದರ ಸಂದಿಯಲ್ಲಿ ಕಲ್ಲನ್ನು ಕೂಡಿಸಿದರು. ಅಷ್ಟಾದ ಮೇಲೆ ಹತ್ತು ಪಟ್ಟಿನ ಭೂತಗನ್ನಡಿ ಕಣ್ಣಿಗೆ ಬಂತು. ಬೆಲೆಯ ಮಾತು ಎಲ್ಲಕ್ಕೂ ಕೊನೆಗೆ. ಬಿಸಿಲಿನಲ್ಲಿ ಎಲ್ಲ ಕಲ್ಲೂ ಹೊಳೆಯುತ್ತದೆ, ನೆರಳಿನ ಸಮ ಬೆಳಕಿನಲ್ಲಿ ಮಾತ್ರ ಅದರ ಬಣ್ಣ ಬಾಯಿ ಬಿಡುತ್ತದೆ ಎಂದರು. ಕಾರ್ಖಾನೆಗಳಲ್ಲಿ ಕಲ್ಲು ವಿಂಗಡಿಸುವವರು ಉತ್ತರದ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದದ್ದೂ ಇದಕ್ಕೇ. ಉತ್ತರದ ಕಿಟಕಿಯಲ್ಲಿ ವರ್ಷದ ಹೆಚ್ಚಿನ ಕಾಲ ಸೂರ್ಯ ನೇರ ಇಣುಕುವುದಿಲ್ಲ, ಬೆಳಕು ದಿನವಿಡೀ ಹೆಚ್ಚುಕಡಿಮೆ ಒಂದೇ ಹದ.

ದಲಾಲರು ಬೆಳಕು, ಹಿನ್ನೆಲೆ, ಗಾಜು, ಬೆಲೆ ಎಂಬ ಕ್ರಮದಲ್ಲಿ ಹೋಗುತ್ತಾರೆ. ಕ್ಯಾಮೆರಾ ಕೊಳ್ಳುವ ನಾವು ಬೆಲೆಯಿಂದ ಶುರುಮಾಡಿ ಬೆಳಕಿನ ಹತ್ತಿರ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ.

ಹಾಗಾಗಿ ಅಕ್ಕನ ಮಗಳಿಗೆ ಮೊದಲ ಮೂರು ತಿಂಗಳು ಏನನ್ನೂ ಕೊಳ್ಳಬೇಡ ಎಂದೆ. ಕೈಯಲ್ಲಿ ಫೋನ್ ಇದೆಯಲ್ಲ. ಮೇಡ್ಲೇರಿ ನಿಮ್ಮ ತಾಲೂಕಿನದೇ ಊರು, ಕಂಬಳಿ ನೇಯುವವರ ಊರು. ಅಲ್ಲಿ ಒಬ್ಬ ಅಜ್ಜಿಯನ್ನು ಮಾತಾಡಿಸಿ, ಬಾಗಿಲ ಪಕ್ಕ ಕೂಡಿಸಿ, ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಒಂದೇ ಚಿತ್ರ ಮೂರು ಸಲ ತೆಗೆ. ಕರಿ ಕಂಬಳಿ ಫೋಟೊದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾ ಯಾವುದಾದರೂ ಇರಲಿ, ಎದುರಿಗೆ ಕಪ್ಪು ಕಂಡರೆ ಕತ್ತಲಿದೆ ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಬಿಳಿ ಕಂಡರೆ ಬೆಳಕು ಜಾಸ್ತಿ ಎಂದು ತಗ್ಗಿಸುತ್ತದೆ. ಪರದೆಯ ಮೇಲೆ ಬೆರಳಿಟ್ಟು ಬೆಳಕನ್ನು ಇಳಿಸುವುದನ್ನು ಕಲಿತರೆ ಕಂಬಳಿ ಮತ್ತೆ ಕರಿದಾಗುತ್ತದೆ. ಮುಂದೆ ಲಕ್ಷ ರೂಪಾಯಿಯ ಕ್ಯಾಮೆರಾ ಬಂದರೂ ಮಾಡಬೇಕಾದದ್ದು ಇದನ್ನೇ.

ಜೊತೆಗೆ ಇಲ್ಲಿಂದ ಒಂದು ಹೀರಾದ ಭೂತಗನ್ನಡಿ ಕೊರಿಯರ್ ಮಾಡಿದೆ. ಕೆಲವು ನೂರು ರೂಪಾಯಿಯ ಸಾಮಾನು. ಅದನ್ನು ಫೋನಿನ ಕ್ಯಾಮೆರಾದ ಕಣ್ಣಿಗೆ ಒತ್ತಿ ಹಿಡಿದು, ವಸ್ತುವಿನ ಹತ್ತಿರ ಒಂದಂಗುಲದಷ್ಟು ದೂರಕ್ಕೆ ಹೋದರೆ ಇರುವೆಯ ಮೀಸೆ ಕಾಣುತ್ತದೆ. ಲೆಕ್ಕ ಸರಳ: ಹತ್ತು ಪಟ್ಟಿನ ಗಾಜಿಗೆ ಸಂಗಮದೂರ ಸುಮಾರು 25 ಮಿಲಿಮೀಟರ್. ಒಳ್ಳೆಯದರಲ್ಲಿ ಮೂರು ಗಾಜು ಅಂಟಿಸಿರುತ್ತಾರೆ, ಅಂಚಿನಲ್ಲಿ ಬಣ್ಣ ಸೋರುವುದಿಲ್ಲ. ಕ್ಲೋಸಪ್‌ಗೆಂದೇ ಮಾಡಿದ ಮ್ಯಾಕ್ರೋ ಲೆನ್ಸಿಗೆ ಹತ್ತಾರು ಸಾವಿರ ಬೇಕು. ಅವಳು ಕಳಿಸಿದ ಮೊದಲ ಚಿತ್ರ ಕಂಬಳಿಯ ಒಂದು ಎಳೆ, ಅದರಲ್ಲಿ ಸಿಕ್ಕಿಕೊಂಡ ಒಂದು ಹುಲ್ಲಿನ ಮುಳ್ಳು. ಕೃಷ್ಣಮೃಗ ಮರೆತೇ ಹೋಗಿತ್ತು. ಒಂದು ವಾರದ ಮಟ್ಟಿಗೆ.

ಕಡಿಮೆ ಬೆಲೆಯ ಕ್ಯಾಮೆರಾ ಎಂದರೆ ನನ್ನ ತಲೆಮಾರಿನವರಿಗೆ ನೆನಪಾಗುವುದು ಆಗ್ಫಾ ಕ್ಲಿಕ್ ಥ್ರೀ. ನಮ್ಮ ಮನೆಯಲ್ಲೂ ಇತ್ತು. ಅಪ್ಪ ಅದನ್ನು ಜಾತ್ರೆಗೆ, ಮದುವೆಗೆ, ನಮ್ಮ ಜವಳಕ್ಕೆ ಹೊರತೆಗೆಯುತ್ತಿದ್ದರು. ಉಳಿದ ದಿನ ಅದು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ. ಜರ್ಮನಿಯ ಹೆಸರು ನೋಡಿ ಅದು ಸಮುದ್ರ ದಾಟಿ ಬಂದದ್ದೆಂದು ನಾನು ಬಹಳ ವರ್ಷ ನಂಬಿದ್ದೆ. ಸೂರತ್ತಿಗೆ ಬಂದ ಮೇಲೆ ಒಮ್ಮೆ ರಜೆಗೆ ಹೋದಾಗ ಅದನ್ನು ಒರೆಸುತ್ತ ಬರಹ ಓದಿದೆ. ತಯಾರಿಸಿದವರು ನ್ಯೂ ಇಂಡಿಯಾ ಇಂಡಸ್ಟ್ರೀಸ್, ಊರು ಬರೋಡಾ. ಅಂದರೆ ನಾನು ಸೂರತ್ತಿನಿಂದ ಉತ್ತರಕ್ಕೆ ಹೋದಾಗಲೆಲ್ಲ ರೈಲಿನಲ್ಲಿ ದಾಟುವ ವಡೋದರಾ! ನಮ್ಮೂರ ಜವಳದ ಚಿತ್ರಗಳ ತವರು ಗುಜರಾತ್ ಎಂದು ಗೊತ್ತಾದಾಗ ಯಾಕೋ ಸಣ್ಣ ಖುಷಿ.

ಆ ಡಬ್ಬಿಯಲ್ಲಿ ಏನಿತ್ತು? ಒಂದು ಸರಳ ಲೆನ್ಸು, ಒಂದೇ ಶಟರ್ ವೇಗ. ಫೋಕಸ್ ಮಾಡುವ ಗೊಡವೆಯೇ ಇಲ್ಲ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು. 120 ಎಂಬ ಅಗಲದ ರೋಲ್ ಹಾಕಿದರೆ ಹನ್ನೆರಡು ಚೌಕ ಚಿತ್ರ. ಹಿಂದೆ ಕೆಂಪು ಕಿಟಕಿಯಲ್ಲಿ ಅಂಕಿ ನೋಡಿಕೊಂಡು ಗುಬುಟು ತಿರುಗಿಸಬೇಕು. ತಿರುಗಿಸಲು ಮರೆತರೆ ಅಜ್ಜನ ಮೇಲೆ ಎಮ್ಮೆ ಬಂದು ಕೂರುತ್ತಿತ್ತು. ನಮ್ಮ ಮನೆಯ ಆಲ್ಬಂನಲ್ಲಿ ಅಂಥದೊಂದು ಇದೆ, ಅಜ್ಜನಿಗೆ ಅದೇ ಅಚ್ಚುಮೆಚ್ಚು. ಹನ್ನೆರಡೇ ಇದ್ದದ್ದರಿಂದ ಅಪ್ಪ ಎಲ್ಲರನ್ನೂ ಬಿಸಿಲಿಗೆ ಎದುರು ನಿಲ್ಲಿಸಿ, ತಮ್ಮ ಬೆನ್ನಿಗೆ ಸೂರ್ಯ ಬರುವ ಹಾಗೆ ನಿಂತು, ಐದು ನಿಮಿಷ ತಡೆದು ಒತ್ತುತ್ತಿದ್ದರು. ನಮ್ಮ ಬಾಲ್ಯದ ಎಲ್ಲ ಫೋಟೊಗಳಲ್ಲಿ ನಾವು ಕಣ್ಣು ಕಿರಿದು ಮಾಡಿಕೊಂಡಿರುವುದು ಅದಕ್ಕೇ.

ಇದರ ಪಕ್ಕದಲ್ಲಿ ಇನ್ನೊಂದು ಕ್ಯಾಮೆರಾ ಇಟ್ಟು ನೋಡೋಣ. ಸೂರತ್ತಿನ ದಕ್ಷಿಣಕ್ಕೆ ನವಸಾರಿ. ಅಲ್ಲಿ 1913ರಲ್ಲಿ ಹುಟ್ಟಿದವರು ಹೋಮಾಯ್ ವ್ಯಾರಾವಾಲಾ, ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ದೆಹಲಿಯಲ್ಲಿ ಸ್ವಾತಂತ್ರ್ಯದ ದಿನಗಳನ್ನು ಹಿಡಿದವರು. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಕೊನೆಯ ದಶಕಗಳನ್ನು ವಡೋದರಾದಲ್ಲಿ ಕಳೆದು, 2011ರಲ್ಲಿ ಪದ್ಮವಿಭೂಷಣ ಪಡೆದು, 2012ರ ಜನವರಿಯಲ್ಲಿ ತೀರಿಕೊಂಡರು. ಅವರ ಕಾರಿನ ನಂಬರು ಡಿಎಲ್‌ಡಿ 13, ಹಾಗಾಗಿ ಅವರಿಗೆ ಡಾಲ್ಡಾ 13 ಎಂಬ ಅಡ್ಡಹೆಸರೇ ಬಿದ್ದಿತ್ತು. ಅವರ ಕೈಯಲ್ಲಿದ್ದ ಕ್ಯಾಮೆರಾಗಳಲ್ಲಿ ಒಂದು ರೋಲಿಫ್ಲೆಕ್ಸ್. ಅದಕ್ಕೂ ಅದೇ 120 ರೋಲು, ಅವೇ ಹನ್ನೆರಡು ಚೌಕಗಳು. ಲೆನ್ಸ್ ಬದಲಿಸುವಂತಿಲ್ಲ, ಝೂಮ್ ಇಲ್ಲ. ಹತ್ತಿರ ಬೇಕಾದರೆ ಕಾಲಿನಿಂದ ಹತ್ತಿರ ಹೋಗಬೇಕು. ಅಪ್ಪನ ಡಬ್ಬಿಗೂ ಅದಕ್ಕೂ ಫಿಲ್ಮ್ ಒಂದೇ, ಲೆಕ್ಕ ಒಂದೇ. ವ್ಯತ್ಯಾಸ ಮುಂದಿನ ಗಾಜಿನದು, ಹಿಂದೆ ನಿಂತ ಕಣ್ಣಿನದು. ದುಡ್ಡು ಎಲ್ಲಿ ಹಾಕಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಗಾಜಿಗೆ ಹಾಕಿ, ಡಬ್ಬಿಗೆ ಅಲ್ಲ.

ಡಬ್ಬಿ ಹಳೆಯದಾದರೂ ಸಾಕು ಎನ್ನುವುದಕ್ಕೆ ಈಗ ಕಾಲವೂ ಕೂಡಿಬಂದಿದೆ. ದೊಡ್ಡ ಕಂಪನಿಗಳು ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಬಿಟ್ಟು ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿವೆ. ಮದುವೆ ಫೋಟೊ ತೆಗೆಯುವವರೆಲ್ಲ ಹಳೆಯದನ್ನು ಮಾರಿ ಹೊಸದಕ್ಕೆ ಹೋಗುತ್ತಿದ್ದಾರೆ. ಹಾಗಾಗಿ ಹಳೆಯವು ಅಗ್ಗಕ್ಕೆ ಸಿಗುತ್ತಿವೆ. ವರಾಛಾದವರಿಗೆ ಈ ಆಟ ಚೆನ್ನಾಗಿ ಗೊತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಬಂದು, ಅದರ ಬೆಲೆ ನೋಡನೋಡುತ್ತ ನೆಲಕ್ಕಿಳಿಯಿತು. ಹೊಳಪು ಮಾತ್ರ ಇಳಿಯಲಿಲ್ಲ. ಹತ್ತು ವರ್ಷ ಹಳೆಯ ಕ್ಯಾಮೆರಾ ಆಗ ತೆಗೆಯುತ್ತಿದ್ದಷ್ಟೇ ಚೆನ್ನಾಗಿ ಈಗಲೂ ತೆಗೆಯುತ್ತದೆ.

ಇದನ್ನು ನಮ್ಮ ಕೆಳಮನೆಯ ಹುಡುಗನಿಗೆ ಹೇಳಲು ನಾನು ತಡಮಾಡಿದೆ. ಅವನ ಅಪ್ಪ ಘಂಟಿಯ ಮುಂದೆ ಇಪ್ಪತ್ತೈದು ವರ್ಷ ಕೂತವರು. ಹೀರಾದ ಕೆಲಸ ತೆಳ್ಳಗಾಗಿ ವಾರಕ್ಕೆ ಎರಡು ದಿನ ಕಾರ್ಖಾನೆಗೆ ಬೀಗ ಬೀಳತೊಡಗಿದಾಗ, ಮಗ ಮದುವೆ ಫೋಟೊಗೆ ಇಳಿಯುತ್ತೇನೆಂದು ಲಕ್ಷಕ್ಕೂ ಮೇಲ್ಪಟ್ಟ ಕ್ಯಾಮೆರಾವನ್ನು ಕಂತಿನ ಮೇಲೆ ತಂದ. "ಅಂಕಲ್, ಬಡ್ಡಿ ಇಲ್ಲ" ಎಂದು ನನಗೇ ಹೇಳಿದ, ಬ್ಯಾಂಕಿನವನಿಗೆ. ಬಡ್ಡಿ ಇಲ್ಲದಿರಬಹುದು, ಕಂತು ಇದೆಯಲ್ಲ. ಮದುವೆಗಳು ನಾಲ್ಕು ತಿಂಗಳು, ಕಂತು ಹನ್ನೆರಡು ತಿಂಗಳು. ಕ್ಯಾಮೆರಾದಿಂದ ದುಡಿಯುವ ಮೊದಲೇ ಕ್ಯಾಮೆರಾಕ್ಕಾಗಿ ದುಡಿಯಬೇಕಾಯಿತು. ಈಗ ಅವನು ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಯವರಿಗೆ ಸೀರೆಯ ಫೋಟೊ ತೆಗೆದುಕೊಡುತ್ತಾನೆ. ಆ ಕೆಲಸಕ್ಕೆ ಹದಿನೈದು ಸಾವಿರದ ಹಳೆಯ ಕ್ಯಾಮೆರಾ ಧಾರಾಳವಾಗಿ ಸಾಕಿತ್ತು. ಅವನಿಗೂ ಈಗ ಗೊತ್ತು, ಹೇಳಿ ನೋಯಿಸುವುದಿಲ್ಲ.

ಸೀರೆಯ ಮಾತು ಬಂತಲ್ಲ, ಅವನಿಂದ ನಾನು ಕಲಿತದ್ದು ಹೇಳಿಬಿಡುತ್ತೇನೆ. ಕಿಟಕಿಯ ಬೆಳಕು ನೀಲಿ ಕಡೆಗೆ, ಹಳದಿ ಬಲ್ಬಿನದು ಕಿತ್ತಳೆ ಕಡೆಗೆ. ಎರಡೂ ಒಟ್ಟಿಗೆ ಬಿದ್ದರೆ ಒಂದೇ ಸೀರೆಯ ಸೆರಗಿಗೊಂದು ಬಣ್ಣ, ಒಡಲಿಗೊಂದು ಬಣ್ಣ. ಫೋಟೊ ನೋಡಿ ತರಿಸಿಕೊಂಡವರು ಬಣ್ಣ ಬೇರೆ ಎಂದು ವಾಪಸ್ ಕಳಿಸುತ್ತಾರೆ, ನಷ್ಟ ಅಂಗಡಿಯವರದು. ಅವನು ದೀಪ ಎಲ್ಲ ಆರಿಸುತ್ತಾನೆ, ಕಿಟಕಿಗೆ ಬಿಳಿಯ ಹತ್ತಿ ಪಂಚೆ ಕಟ್ಟುತ್ತಾನೆ, ಎದುರು ಬದಿಗೆ ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸುತ್ತಾನೆ. ಮೊದಲು ಬಿಳಿ ಕಾಗದದ ಒಂದು ಚಿತ್ರ ತೆಗೆದು, ಇದೇ ಬಿಳಿ ಎಂದು ಕ್ಯಾಮೆರಾಕ್ಕೆ ತಿಳಿಸುತ್ತಾನೆ. ದಲಾಲರ ಬಿಳಿ ಕಾಗದದ ಬುದ್ಧಿಯೇ. ಅಪ್ಪನಿಂದ ಮಗನಿಗೆ ಬಂದ ಆಸ್ತಿ ಎಂದರೂ ಆದೀತು. ಪಂಚೆ, ಥರ್ಮಾಕೋಲ್ ಎರಡೂ ಸೇರಿ ಐನೂರು ರೂಪಾಯಿ ದಾಟುವುದಿಲ್ಲ.

ಸರಿ, ಮೂವತ್ತು ಸಾವಿರದ ಲೆಕ್ಕಕ್ಕೆ ಬರೋಣ. ಕ್ಯಾನನ್ ಅಥವಾ ನಿಕಾನ್‌ನ ಹಳೆಯ, ಸಣ್ಣ ದರ್ಜೆಯ ಡಿಎಸ್‌ಎಲ್‌ಆರ್, ಹನ್ನೆರಡರಿಂದ ಹದಿನೈದು ಸಾವಿರದ ಆಸುಪಾಸು. ಇದರ ಜೊತೆ ಬರುವ 18–55 ಲೆನ್ಸನ್ನು ಜನ ಸುಮ್ಮನೆ ಹೀಯಾಳಿಸುತ್ತಾರೆ, ಹಗಲಿಗೆ ಅದು ಕೆಟ್ಟದ್ದೇನಲ್ಲ. ಮೇಲೆ ಒಂದೇ ಒಂದು ಸ್ಥಿರ ಲೆನ್ಸು. ಎಲ್ಲರೂ 50 ಮಿಲಿಮೀಟರಿನ ಎಫ್ 1.8 ತಗೋ ಎನ್ನುತ್ತಾರೆ. ಕಡಿಮೆ ಬೆಲೆಗೆ ಬಹಳ ಬೆಳಕು ಒಳಗೆ ಬಿಡುವ ಗಾಜು ನಿಜ. ಆದರೆ ಸಣ್ಣ ಸೆನ್ಸರಿನ ಈ ಕ್ಯಾಮೆರಾಗಳಲ್ಲಿ ಅದು ನಿಕಾನಿನಲ್ಲಿ 75ರಂತೆ, ಕ್ಯಾನನ್‌ನಲ್ಲಿ 80ರಂತೆ ನಡೆದುಕೊಳ್ಳುತ್ತದೆ. ಒಬ್ಬರ ಮುಖ ತೆಗೆಯಲು ಚೆಂದ. ನಮ್ಮ ಹತ್ತಡಿ ಅಡಿಗೆಮನೆಯಲ್ಲಿ ಅಮ್ಮ, ಒಲೆ, ರೊಟ್ಟಿ ಮೂರೂ ಬರಬೇಕೆಂದರೆ ನೀವು ಗೋಡೆ ಒಡೆದು ಹಿತ್ತಿಲಿಗೆ ಹೋಗಬೇಕು. ಮನೆಯೊಳಗಿನ ಚಿತ್ರಕ್ಕೆ ನಿಕಾನಿನ 35, ಕ್ಯಾನನ್‌ನ ತೆಳು ಬಿಲ್ಲೆಯಂಥ 24 ಹೆಚ್ಚು ಉಪಯೋಗ.

ಇನ್ನೊಂದು ಗುಂಡಿ ಇದೆ, ಬಹಳ ಜನ ಬಿದ್ದಿದ್ದಾರೆ, ನಾನೂ ಬಿದ್ದವನೇ. ನಿಕಾನಿನ ಹಳೆಯ 50ರ ಹೆಸರಿನ ಕೊನೆಗೆ ಡಿ ಅಕ್ಷರ ಇದ್ದರೆ ಆ ಲೆನ್ಸಿನೊಳಗೆ ಮೋಟಾರ್ ಇಲ್ಲ. ಡಿ3000 ಸಾಲಿನ, ಡಿ5000 ಸಾಲಿನ ಕ್ಯಾಮೆರಾಗಳ ಒಳಗೂ ಮೋಟಾರ್ ಇಲ್ಲ. ಇಬ್ಬರು ಕುಂಟರಿಗೆ ಮದುವೆ ಮಾಡಿದ ಹಾಗೆ, ಫೋಕಸ್ ಕೈಯಿಂದಲೇ ತಿರುಗಿಸಬೇಕು. ಜಿ ಅಕ್ಷರದ್ದು ತಗೊಂಡರೆ ಈ ಪಾಡಿಲ್ಲ.

ಜಿಂಕೆಯ ಲೆನ್ಸು ಆಮೇಲೆ. ಕ್ಯಾನನ್‌ನ 55–250 ಹಳೆಯದು ಅಗ್ಗಕ್ಕೇ ಸಿಗುತ್ತದೆ. ಅದರ ಕೊನೆ ತುದಿ ಈ ಸಣ್ಣ ಸೆನ್ಸರಿನಲ್ಲಿ 400ಕ್ಕೆ ಸಮ. ಮುಂಜಾನೆಯ ಬೆಳಕಿನಲ್ಲಿ ನಿಂತ ಕೃಷ್ಣಮೃಗಕ್ಕೆ ಅದು ಸಾಲುತ್ತದೆ. ನೆಗೆಯುವ ಜಿಂಕೆಗೆ ಬೇಕಾದದ್ದು ಬೇರೆ, ಹುಲ್ಲಿನಲ್ಲಿ ಮೂರು ತಾಸು ಅಲುಗಾಡದೆ ಕೂರುವ ಸೊಂಟ.

ಚೀಲ, ಪಟ್ಟಿ, ಬಣ್ಣಬಣ್ಣದ ಫಿಲ್ಟರು, ಗಾಳಿಗೆ ನಡುಗುವ ಸ್ಟ್ಯಾಂಡು ಇವು ಯಾವುದಕ್ಕೂ ಮೊದಲ ವರ್ಷ ಒಂದು ಪೈಸೆ ಹಾಕಬೇಡಿ. ಒಂದು ಒಳ್ಳೆಯ ಕಂಪನಿಯ ಮೆಮೊರಿ ಕಾರ್ಡ್, ಇನ್ನೊಂದು ಬ್ಯಾಟರಿ, ಅಷ್ಟೇ.

ಹಳೆಯದನ್ನು ನೋಡುವ ವಿದ್ಯೆ ಒಂದಿಷ್ಟು ಬೇಕು. ಶಟರ್ ಎಷ್ಟು ಸಲ ಬಿದ್ದಿದೆ ಕೇಳಿ. ನಿಕಾನಿನ ಈ ದರ್ಜೆಯ ಹೆಚ್ಚಿನ ಕ್ಯಾಮೆರಾಗಳ ಶಟರನ್ನು ಒಂದು ಲಕ್ಷದ ಆಸುಪಾಸಿಗೆ ಪರೀಕ್ಷಿಸಿರುತ್ತಾರೆ. ನಿಕಾನಿನಲ್ಲಿ ತೆಗೆದ ಫೋಟೊದ ಕಡತದೊಳಗೇ ಆ ಎಣಿಕೆ ಅಡಗಿರುತ್ತದೆ, ಕ್ಯಾನನ್‌ನಲ್ಲಿ ಅದನ್ನು ಹೊರತೆಗೆಯುವುದು ಅಷ್ಟು ಸಲೀಸಲ್ಲ. ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ ಬರಿ ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಧೂಳು ತೆಗೆಸಬಹುದು, ಹೆದರಬೇಡಿ. ಹೆದರಬೇಕಾದದ್ದು ಲೆನ್ಸಿನ ಬೂಷ್ಟಿಗೆ. ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡಿದರೆ, ಮೊಳೆತ ಕಾಳಿನ ಬೇರಿನಂತೆ ತೆಳ್ಳನೆಯ ಎಳೆಗಳು ಕವಲೊಡೆದಿರುತ್ತವೆ. ಅದು ಗಾಜಿನ ಲೇಪವನ್ನೇ ತಿನ್ನುತ್ತದೆ. ತಾಪಿ ನದಿಯ ಪಕ್ಕದ ಈ ಊರಿನಲ್ಲಿ ತೇವಕ್ಕೆ ಬರವಿಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನ ನೀರು ಬಂದು ಸೂರತ್ತಿನ ಬಹುಭಾಗ ಮುಳುಗಿತ್ತು. ಆಮೇಲೆ ಕೆಲವು ವರ್ಷ ಇಲ್ಲಿ ಅಗ್ಗಕ್ಕೆ ಸಿಗುವ ಯಾವ ಯಂತ್ರವನ್ನೂ ಜನ ಮೂಸಿ ನೋಡಿ ಕೊಳ್ಳುತ್ತಿದ್ದರಂತೆ. ಮನೆಗೆ ತಂದ ಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು. ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡಿಗೆಗೆ ಬಳಸಬೇಡಿ.

ಇಷ್ಟೆಲ್ಲ ಪರೀಕ್ಷೆ ಅಂಗಡಿಯ ಕಟ್ಟೆಯ ಮೇಲೆ ಹತ್ತು ನಿಮಿಷದಲ್ಲಿ ಆಗುವುದಿಲ್ಲ. ಇಲ್ಲಿ ವರಾಛಾದ ಪದ್ಧತಿ ಕೈ ಹಿಡಿಯುತ್ತದೆ. ಹೀರಾ ವ್ಯಾಪಾರದಲ್ಲಿ ಜಾಂಗಡ್ ಎಂದು ಒಂದಿದೆ. ಸಣ್ಣ ಚೀಟಿ. ಇಂಥ ಕಲ್ಲು, ಇಷ್ಟು ಕ್ಯಾರಟ್ ತೂಕ, ನೋಡಲು ಒಯ್ದಿದ್ದೇನೆ, ಒಪ್ಪಿದರೆ ಹಣ, ಇಲ್ಲದಿದ್ದರೆ ಮಾಲು ವಾಪಸ್ ಎಂದು ಬರೆದು ರುಜು ಹಾಕುತ್ತಾರೆ. ಅಲ್ಲಿಯತನಕ ಮಾಲು ಕೊಟ್ಟವನದೇ. ಲಕ್ಷಗಟ್ಟಲೆಯ ಕಲ್ಲು ಆ ಚೀಟಿಯ ಮೇಲೆ ಬೀದಿ ದಾಟುತ್ತದೆ.

ಅಕ್ಕನ ಮಗಳಿಗೆ ಈ ಕಥೆ ಹೇಳಿದ್ದೆ. ಮೂರು ತಿಂಗಳು ಕಳೆದು ದಾವಣಗೆರೆಯಲ್ಲಿ ಒಬ್ಬರು ಹಳೆಯ ಕ್ಯಾಮೆರಾ, ಎರಡು ಲೆನ್ಸು ಮಾರುತ್ತಿದ್ದಾರೆಂದು ತಿಳಿದು ಹೋದಳು. ನೋಟ್‌ಬುಕ್ಕಿನ ಹಾಳೆ ಹರಿದು, ಮೇಲೆ ದೊಡ್ಡದಾಗಿ ಜಾಂಗಡ್ ಚೀಟಿ ಎಂದು ಬರೆದು, ಕ್ಯಾಮೆರಾದ ನಂಬರು, ಲೆನ್ಸಿನ ನಂಬರು, ಎರಡು ದಿನದ ಗಡುವು ಎಲ್ಲ ನಮೂದಿಸಿ ಅವರ ಮುಂದೆ ಇಟ್ಟಳಂತೆ. ಪೂರ್ತಿ ಹಣವನ್ನೂ ಅಲ್ಲೇ ಇಟ್ಟಳು. ಆ ಮನುಷ್ಯ ಅದನ್ನು ಕೋರ್ಟಿನ ಶಬ್ದ ಎಂದುಕೊಂಡು ಎರಡು ಸಲ ಓದಿ, "ಏನವ್ವ, ವಕೀಲರ ಮನೆಯವಳೇನು?" ಎಂದು ಕೇಳಿ ರುಜು ಹಾಕಿದರಂತೆ.

ರಾತ್ರಿ ಟಾರ್ಚ್ ಹಿಡಿದಳು. ದೊಡ್ಡ ಲೆನ್ಸಿನಲ್ಲಿ ಬೂಷ್ಟು, ಮಲೆನಾಡಿನಲ್ಲಿ ಮೂರು ಮಳೆಗಾಲ ಕಂಡ ಲೆನ್ಸಂತೆ. 24ರ ಬಿಲ್ಲೆ ಶುದ್ಧ. ಎರಡನೆಯ ದಿನ ಬಸ್ ಹತ್ತಿ ಹೋಗಿ ಜಿಂಕೆಯ ಲೆನ್ಸನ್ನು ಹಿಂತಿರುಗಿಸಿ, ಅದರ ದುಡ್ಡು ಎಣಿಸಿಕೊಂಡು, ಚೀಟಿಯ ಮೇಲೆ ಅವರಿಂದ "ಚುಕ್ತಾ" ಎಂದು ಬರೆಸಿಕೊಂಡು ಬಂದಿದ್ದಾಳೆ. ಈಗ ಪ್ರತಿ ಭಾನುವಾರ ಮೇಡ್ಲೇರಿಗೆ ಹೋಗುತ್ತಾಳೆ. ಕಂಬಳಿ ಅಜ್ಜಿ ಫೋಟೊ ಸಾಕು ಕುಂತ್ಕ ಎಂದು ಅವಳ ಕೈಗೆ ಕದಿರು ಕೊಟ್ಟಿದ್ದಾರಂತೆ.